ಮೊದಲು ಬಿಲ್ ಪುಸ್ತಕ, ಆಮೇಲೆ ಕ್ಯಾಲೆಂಡರ್

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕೂ ಹೆಚ್ಚಿನವು ಒಂದೇ ವಿಷಯ ಹಿಡಿದುಕೊಂಡಿವೆ: ಬರುವ ವರ್ಷಕ್ಕೆ ನಮ್ಮ ಸಣ್ಣ ವ್ಯಾಪಾರದ ಪ್ರಚಾರಕ್ಕೆ ಹೇಗೆ ತಯಾರಾಗುವುದು? ಹಾಗಾಗಿ ಈ ತಿಂಗಳ ಪುಟಗಳನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ. ಹೊಸ ಓದುಗರಿಗೆ ಒಂದು ಮಾತು. ನಾನು ಮಾರ್ಕೆಟಿಂಗ್ ಓದಿದವಳಲ್ಲ, ಇಪ್ಪತ್ತಾರು ವರ್ಷ ಒಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ನಡೆಸಿದವಳು. ಬೇರೆಯವರ ಪ್ರಚಾರವೇ ನನ್ನ ಹೊಟ್ಟೆಪಾಡು. ಯಾರ ಕರಪತ್ರ ಕೆಲಸ ಮಾಡಿತು, ಯಾರದ್ದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು ಎನ್ನುವುದು ಅವರು ಮುಂದಿನ ವರ್ಷ ಮತ್ತೆ ಅಚ್ಚು ಹಾಕಿಸಲು ಬರುತ್ತಾರೋ ಇಲ್ಲವೋ ಎಂಬುದರಲ್ಲೇ ನನಗೆ ತಿಳಿದುಬಿಡುತ್ತಿತ್ತು.

ಮೇಡಂ, ನನ್ನದು ಹೊಲಿಗೆ ಅಂಗಡಿ. ಪ್ರತಿ ಜನವರಿಯಲ್ಲೂ ದಿನಕ್ಕೊಂದು ಪೋಸ್ಟ್, ತಿಂಗಳಿಗೊಂದು ಆಫರ್ ಎಂದು ದೊಡ್ಡ ಪಟ್ಟಿ ಮಾಡುತ್ತೇನೆ. ಮಾರ್ಚ್ ಹೊತ್ತಿಗೆ ಎಲ್ಲ ನಿಂತುಹೋಗುತ್ತದೆ. ನನ್ನಲ್ಲೇ ಶಿಸ್ತಿಲ್ಲವೋ, ಪಟ್ಟಿಯೇ ಸರಿಯಿಲ್ಲವೋ?

ಪಟ್ಟಿ ಸರಿಯಿಲ್ಲ. ಶಿಸ್ತಿಲ್ಲದವರು ಕತ್ತರಿ ಹಿಡಿದು ಅಂಗಡಿ ನಡೆಸಲಾರರು.

ಒಂದು ಪೋಸ್ಟಿಗೆ ಅರ್ಧ ಗಂಟೆ ಹಿಡಿಯುತ್ತದೆ ಅಂದುಕೊಳ್ಳೋಣ. ದಿನಕ್ಕೊಂದರಂತೆ ವರ್ಷಕ್ಕೆ 182 ಗಂಟೆ ಆಯಿತು. ಹೊಲಿಯುವುದು, ಅಳತೆ ತೆಗೆಯುವುದು, ಬಾಕಿ ವಸೂಲಿ ಎಲ್ಲ ಮುಗಿದ ಮೇಲೆ ನಿಮಗೆ ವಾರದಲ್ಲಿ ಎಷ್ಟು ಗಂಟೆ ಉಳಿಯುತ್ತದೆ? ಎರಡು ಉಳಿದರೆ ಪುಣ್ಯ. ವರ್ಷಕ್ಕೆ 104. ಇರುವುದು 104, ಬರೆದುಕೊಂಡದ್ದು 182. ಅದು ಮಾರ್ಚ್‌ವರೆಗಾದರೂ ನಡೆಯಿತಲ್ಲ, ಅದೇ ದೊಡ್ಡದು.

ಈಗ ಕ್ಯಾಲೆಂಡರನ್ನು ಪಕ್ಕಕ್ಕಿಡಿ. ಕಳೆದ ವರ್ಷದ ಬಿಲ್ ಪುಸ್ತಕ ಮತ್ತು ಹನ್ನೆರಡು ಖಾಲಿ ಹಾಳೆ ತೆಗೆದುಕೊಳ್ಳಿ. ತಿಂಗಳಿಗೊಂದು ಹಾಳೆ. ಪ್ರತಿ ಬಿಲ್ಲಿಗೂ ಒಂದು ಗೀಟು ಎಳೆಯಿರಿ. ಹಳೆ ಗಿರಾಕಿಗೆ ನೀಲಿ ಶಾಯಿ, ಮೊದಲ ಸಲ ಬಂದವರಿಗೆ ಕೆಂಪು. ಒಂದು ಎಚ್ಚರ: ಬಟ್ಟೆ ಒಯ್ದ ದಿನ ನೋಡಬೇಡಿ, ಅಳತೆ ಕೊಟ್ಟ ದಿನ ನೋಡಿ. ಎರಡು ಸಂಜೆಯ ಕೆಲಸ, ಅಷ್ಟೇ. ನೆನಪಿನ ಮೇಲೆ ಮಾತ್ರ ಮಾಡಬೇಡಿ. ಗಲಾಟೆ ಮಾಡಿದ ಗಿರಾಕಿ ನೆನಪಿನಲ್ಲಿ ಉಳಿಯುತ್ತಾನೆ, ಸದ್ದಿಲ್ಲದೆ ವರ್ಷಕ್ಕೆ ಆರು ಸಲ ಬಂದವಳು ಮರೆತುಹೋಗುತ್ತಾಳೆ.

ನಾನು ಇದನ್ನು ಮೊದಲ ಸಲ ಮಾಡಿದ್ದು ಪ್ರೆಸ್ ಶುರುವಾದ ಐದನೇ ವರ್ಷ, ಅದೂ ಒಬ್ಬರು ಚುಚ್ಚಿ ಹೇಳಿದ ಮೇಲೆ. ನಾನು ಪ್ರತಿ ಡಿಸೆಂಬರಿನಲ್ಲೂ 'ಕ್ಯಾಲೆಂಡರ್, ಡೈರಿ ಅಚ್ಚು ಹಾಕಿಕೊಡುತ್ತೇವೆ' ಎಂದು ಕರಪತ್ರ ಹಂಚಿಸುತ್ತಿದ್ದೆ. ಮೆಷಿನ್ ನಡೆಸುತ್ತಿದ್ದ ಹಿರಿಯರು ಒಂದು ದಿನ, 'ಅಮ್ಮಾ, ಇರೋ ಕೆಲಸಾನೇ ಮುಗೀತಿಲ್ಲ, ಇನ್ನೂ ಯಾಕೆ ಕರೀತಿದ್ದೀರಿ?' ಅಂದರು. ಬಿಲ್ ಪುಸ್ತಕ ತೆರೆದು ನೋಡಿದರೆ ಅವರು ಹೇಳಿದ್ದು ನಿಜ. ದೊಡ್ಡ ಆರ್ಡರ್‌ಗಳೆಲ್ಲ ಅಕ್ಟೋಬರಿನಲ್ಲೇ ಬಂದಿದ್ದವು. ಡಿಸೆಂಬರಿನ ಕರಪತ್ರ ನೋಡಿ ಬಂದವರು ಐವತ್ತು ಪ್ರತಿ ಬೇಕು, ನಾಳೆಯೇ ಬೇಕು ಅನ್ನುವವರು. ಮರುವರ್ಷ ಕರಪತ್ರ ಬಿಟ್ಟೆ. ಸೆಪ್ಟೆಂಬರ್ ಎರಡನೇ ವಾರ ಮಾದರಿಗಳನ್ನು ಚೀಲಕ್ಕೆ ಹಾಕಿಕೊಂಡು ಹಿಂದಿನ ಸಲ ಆರ್ಡರ್ ಕೊಟ್ಟವರ ಬಾಗಿಲಿಗೇ ಹೋದೆ. ಖರ್ಚು ಚಪ್ಪಲಿ ಸವೆದದ್ದು ಮಾತ್ರ.

ನಿಮ್ಮ ಹಾಳೆಗಳಲ್ಲೂ ಹೀಗೆ ಏನೋ ಒಂದು ಕಾಣುತ್ತದೆ. ಗೀಟುಗಳು ದಟ್ಟವಾಗಿರುವ ತಿಂಗಳಿನಲ್ಲಿ ಪ್ರಚಾರವೇ ಬೇಡ. ಆಗ ಬಂದವರ ಹೆಸರು, ಫೋನ್ ನಂಬರ್, ಅಳತೆ ಸರಿಯಾಗಿ ಬರೆದಿಟ್ಟುಕೊಳ್ಳಿ, ಸಾಕು. ಅದಕ್ಕಿಂತ ಐದಾರು ವಾರ ಮುಂಚೆ, ಜನ ಇನ್ನೂ ಎಲ್ಲಿ ಕೊಡೋಣ ಎಂದು ಯೋಚಿಸುತ್ತಿರುವಾಗ ನಿಮ್ಮ ಮಾತು ಅವರ ಕಿವಿಗೆ ಬೀಳಬೇಕು. ಗೀಟುಗಳು ತೆಳುವಾಗಿರುವ ತಿಂಗಳು ಹೊಸಬರನ್ನು ಹುಡುಕುವ ತಿಂಗಳಲ್ಲ. ವ್ಯಾಪಾರ ಡಲ್ ಆದಾಗಲೇ ನಾವೆಲ್ಲ ಜಾಹೀರಾತಿಗೆ ಓಡುತ್ತೇವೆ, ಆದರೆ ಹೊಲಿಸುವ ಅಗತ್ಯವೇ ಇಲ್ಲದ ಹೊತ್ತಿನಲ್ಲಿ ಅಪರಿಚಿತರು ಯಾಕೆ ಬಂದಾರು? ಆ ತಿಂಗಳು ಹಳಬರಿಗೆ ಫೋನ್ ಮಾಡಿ: 'ಬಿಗಿಯಾದದ್ದು, ಸಡಿಲ ಮಾಡಿಸಬೇಕಾದದ್ದು ಇದ್ದರೆ ತನ್ನಿ, ಈಗ ಬೇಗ ಮಾಡಿಕೊಡ್ತೀನಿ.' ನಿಮಗೆ ಬಿಡುವಿದೆ ಎನ್ನುವುದೇ ಅವರಿಗೆ ಆಫರ್.

ಇಷ್ಟಾದ ಮೇಲೆ ಕ್ಯಾಲೆಂಡರ್ ತೆಗೆಯಿರಿ. ತಿಂಗಳಿಗೆ ಒಂದೇ ಕೆಲಸ ಬರೆಯಿರಿ, ಯಾರಿಗೆ ಹೇಳುವುದು, ಏನು ಹೇಳುವುದು, ಯಾವ ತಾರೀಖಿನೊಳಗೆ ಎಂದು. ಎರಡು ತಿಂಗಳು ಬೇಕೆಂದೇ ಖಾಲಿ ಬಿಡಿ. ಜ್ವರ ಬರುತ್ತದೆ, ಮೆಷಿನ್ ಕೆಡುತ್ತದೆ, ಸಹಾಯಕಿ ಕೆಲಸ ಬಿಟ್ಟು ಹೋಗುತ್ತಾಳೆ. ಆ ಖಾಲಿ ಜಾಗ ಅದಕ್ಕೆ.

ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದೇನೆ. ವಹಿವಾಟಿನ ಶೇಕಡಾ ಇಷ್ಟು ಪ್ರಚಾರಕ್ಕೆ ಎತ್ತಿಡಬೇಕು ಎಂದು ಒಬ್ಬೊಬ್ಬರು ಒಂದೊಂದು ಅಂಕಿ ಹೇಳುತ್ತಾರೆ. ಯಾವುದನ್ನು ನಂಬಲಿ?

ಯಾವುದನ್ನೂ ಬೇಡ. ಆ ಶೇಕಡಾವಾರು ಅಂಕಿಗಳೆಲ್ಲ ಬೇರೆ ಯಾರದೋ ಅಂಗಡಿಯ ಹಾಸಿಗೆ. ನಿಮ್ಮ ಕಾಲು ಎಷ್ಟು ಚಾಚಬೇಕೆಂದು ಅದು ಹೇಳುವುದಿಲ್ಲ. ಕೆಳಗಿನಿಂದ ಲೆಕ್ಕ ಹಾಕಿ.

ನೂರರ ಒಂದು ಬಿಲ್ಲಿನಲ್ಲಿ ಬಿಡಿಭಾಗ, ಕೂಲಿ ಕಳೆದು ಮೂವತ್ತು ಉಳಿಯುತ್ತದೆ ಎಂದಿಟ್ಟುಕೊಳ್ಳಿ. ಒಬ್ಬ ಗಿರಾಕಿ ವರ್ಷಕ್ಕೆ ಮೂರು ಸಲ ಬಂದರೆ ಅವನಿಂದ ತೊಂಬತ್ತು. ಅವನನ್ನು ಮೊದಲ ಸಲ ಕರೆತರಲು ಎಷ್ಟು ಖರ್ಚು ಮಾಡಬಹುದು? ನಾನು ಇಟ್ಟುಕೊಂಡಿದ್ದ ಕಟ್ಟುಪಾಡು, ಮೊದಲ ಬಿಲ್ಲಿನಲ್ಲಿ ಉಳಿಯುವ ಮೂವತ್ತನ್ನು ದಾಟಬಾರದು. ಎರಡನೇ ಸಲ ಬಂದೇ ಬರುತ್ತಾನೆ ಎಂದು ನಂಬಿ ಸಾಲ ಮಾಡಿ ಪ್ರಚಾರ ಮಾಡಿದವರನ್ನು ಕಂಡಿದ್ದೇನೆ. ಅವರಲ್ಲಿ ಕೆಲವರ ಬಾಕಿ ನನ್ನ ಪುಸ್ತಕದಲ್ಲೂ ಇದೆ.

ಇನ್ನು ಎಷ್ಟು ಜನ ಬೇಕು? ವರ್ಷದ ಮೊದಲಿಗೆ 200 ಗಿರಾಕಿಗಳಿದ್ದು, ಅದರಲ್ಲಿ 40 ಜನ ಆಮೇಲೆ ಬರಲೇ ಇಲ್ಲ ಅಂದರೆ, ಇದ್ದಲ್ಲೇ ಇರಲು ನಿಮಗೆ 40 ಹೊಸಬರು ಬೇಕು. 40ನ್ನು 30ರಿಂದ ಗುಣಿಸಿದರೆ 1200, ಅಂದರೆ ನಿಮ್ಮ ಹನ್ನೆರಡು ಬಿಲ್ಲುಗಳಷ್ಟು ಹಣ. ಅದು ವರ್ಷಕ್ಕೆ ನೀವು ದಾಟಬಾರದ ಗೆರೆ. ಅದನ್ನು ಹನ್ನೆರಡು ತಿಂಗಳಿಗೆ ಸಮನಾಗಿ ಹಂಚಬೇಡಿ. ಸೀಸನ್ನಿಗೆ ಮುಂಚಿನ ಎರಡು ತಿಂಗಳಲ್ಲೇ ಮುಕ್ಕಾಲು ಪಾಲು ಹೋಗಲಿ.

ಆ 40 ಜನ ಯಾಕೆ ಬರಲಿಲ್ಲ ಎಂದು ಐದಾರು ಜನರಿಗಾದರೂ ಫೋನ್ ಮಾಡಿ ಕೇಳಿ. ಮುಜುಗರವಾಗುತ್ತದೆ, ಗೊತ್ತು. ನಾನು ಕೇಳಿದಾಗ ಮೂವರು ಒಂದೇ ಉತ್ತರ ಕೊಟ್ಟರು: 'ನೀವು ಹೇಳಿದ ದಿನ ಕೊಡಲ್ಲ.' ಅದಕ್ಕೆ ಕರಪತ್ರದಲ್ಲಿ ಮದ್ದಿಲ್ಲ.

ನಾನು ಕಾಮರ್ಸ್ ವಿದ್ಯಾರ್ಥಿ, ಅಪ್ಪನ ಅಂಗಡಿಯನ್ನೂ ನೋಡಿಕೊಳ್ಳುತ್ತೇನೆ. ಕಾಲೇಜಿನಲ್ಲಿ ಕಲಿಸುವ ನಾಲ್ಕು 'ಪಿ'ಗಳು ಸಣ್ಣ ಅಂಗಡಿಗೆ ಉಪಯೋಗಕ್ಕೆ ಬರುತ್ತವೆಯೇ?

ಬರುತ್ತವೆ. ಅಮೆರಿಕದ ಪ್ರಾಧ್ಯಾಪಕ ಜೆರೋಮ್ ಮೆಕಾರ್ಥಿ 1960ರಲ್ಲಿ ಅದನ್ನು ಪಾಠಕ್ಕೆ ತಂದಾಗ ಸರಕು (ಪ್ರಾಡಕ್ಟ್), ಜಾಗ (ಪ್ಲೇಸ್), ಪ್ರಚಾರ (ಪ್ರಮೋಷನ್), ಬೆಲೆ (ಪ್ರೈಸ್) ನಾಲ್ಕೂ ಸೇರಿದರೇ ಮಾರ್ಕೆಟಿಂಗ್ ಎಂದಿದ್ದ. ನಾವು ಮೂರನ್ನು ಬಿಟ್ಟು ಪ್ರಚಾರವೊಂದನ್ನೇ ಹಿಡಿದುಕೊಂಡಿದ್ದೇವೆ. ವರ್ಷದ ಹಾಳೆಯಲ್ಲಿ ಉಳಿದ ಮೂರಕ್ಕೂ ಒಂದೊಂದು ತಿಂಗಳು ಕೊಡಿ. ಒಂದು ತಿಂಗಳು ಯಾವ ಸರಕು ಧೂಳು ಹಿಡಿಯುತ್ತಿದೆ ನೋಡಿ, ಇನ್ನೊಂದು ತಿಂಗಳು ಬೆಲೆ ಪಟ್ಟಿ, ಮತ್ತೊಂದು ತಿಂಗಳು ಅಂಗಡಿಯ ಬಾಗಿಲು, ಬೋರ್ಡು, ದೀಪ. ಅಪ್ಪನಿಗೆ 'ಪಿ' ಎಂದು ಹೇಳಬೇಡಿ, ಬೋರ್ಡಿನ ಬಲ್ಬು ಹಾಕಿಸಿ.

ನಮ್ಮದು ಫೋಟೊ ಸ್ಟುಡಿಯೊ. ಕರಪತ್ರ, ಇನ್‌ಸ್ಟಾಗ್ರಾಂ, ಗೋಡೆ ಬರಹ, ಮೂರಕ್ಕೂ ಹಣ ಹಾಕುತ್ತೇವೆ. ಯಾವುದರಿಂದ ಗಿರಾಕಿ ಬಂದರು ಎಂದು ತಿಳಿಯುವುದು ಹೇಗೆ?

ಇದು ನನ್ನ ಇಷ್ಟದ ಪ್ರಶ್ನೆ. ಸ್ವಲ್ಪ ಉದ್ದಕ್ಕೆ ಹೋಗುತ್ತೇನೆ, ಕ್ಷಮಿಸಿ.

ಕ್ಲಾಡ್ ಹಾಪ್ಕಿನ್ಸ್ ಎಂಬ ಅಮೆರಿಕದ ಜಾಹೀರಾತು ಬರಹಗಾರ 1923ರಷ್ಟು ಹಿಂದೆಯೇ ಇದಕ್ಕೆ ದಾರಿ ತೋರಿಸಿದ್ದ. ಜಾಹೀರಾತಿನಲ್ಲಿ ಕತ್ತರಿಸಿ ಕಳಿಸುವ ಕೂಪನ್ ಇಡು, ಪ್ರತಿ ಜಾಹೀರಾತಿನ ಕೂಪನ್ನಿಗೂ ಬೇರೆ ಗುರುತು ಹಾಕು, ವಾಪಸು ಬಂದ ಕೂಪನ್ ಎಣಿಸು. ಇಷ್ಟೇ ಗುಟ್ಟು. ನಾನು ಅವನ ಹೆಸರು ಕೇಳುವ ಮೊದಲೇ ಪ್ರೆಸ್ಸಿನಲ್ಲಿ ಇದೇ ಮಾಡುತ್ತಿದ್ದೆ. ಕರಪತ್ರದ ಬಲ ಮೂಲೆಯಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಒಂದು ಕಟ್ಟಿಗೆ 'ಅ', ಇನ್ನೊಂದಕ್ಕೆ 'ಆ', ಮತ್ತೊಂದಕ್ಕೆ 'ಇ'. ಒಂದೊಂದು ಕಟ್ಟು ಒಂದೊಂದು ಬೀದಿಗೆ. 'ಈ ಚೀಟಿ ತಂದವರಿಗೆ ಒಂದು ಪ್ರತಿ ಹೆಚ್ಚು' ಎಂದು ಹಾಕಿದರೆ ಜನ ಮರೆಯದೆ ತರುತ್ತಿದ್ದರು. ಒಮ್ಮೆ 'ಇ' ಒಂದೂ ಬರಲಿಲ್ಲ. ವಿಚಾರಿಸಿದರೆ ಹಂಚುವ ಹುಡುಗ ಆ ಕಟ್ಟನ್ನು ಪೂರ್ತಿ ಒಂದೇ ಮನೆಯ ಕಾಂಪೌಂಡಿನೊಳಗೆ ಎಸೆದು ಸಿನಿಮಾಕ್ಕೆ ಹೋಗಿದ್ದ. ಗುರುತು ಹಾಕಿರದಿದ್ದರೆ ಆ ಬೀದಿಯ ಜನರೇ ಜಿಪುಣರು ಎಂದು ತಿಳಿದಿರುತ್ತಿದ್ದೆ.

ನಿಮ್ಮ ಕಾಲಕ್ಕೆ ಇದು ಇನ್ನೂ ಸುಲಭ. ಜಪಾನಿನ ಡೆನ್ಸೊ 1994ರಲ್ಲಿ ವಾಹನದ ಬಿಡಿಭಾಗಗಳ ಲೆಕ್ಕ ಇಡಲು ಹುಟ್ಟುಹಾಕಿದ ಕ್ಯೂಆರ್ ಕೋಡ್ ಈಗ ಯಾರು ಬೇಕಾದರೂ ಮಾಡಿಕೊಳ್ಳಬಹುದು. ಕರಪತ್ರಕ್ಕೊಂದು, ಗೋಡೆಗೊಂದು, ಕೌಂಟರಿಗೊಂದು ಬೇರೆ ಬೇರೆ ಕೋಡ್ ಇರಲಿ. ವೆಬ್‌ಸೈಟ್ ಇದ್ದರೆ ಲಿಂಕಿನ ಬಾಲಕ್ಕೆ ಯುಟಿಎಂ ಗುರುತು (ಎಲ್ಲಿಂದ ಬಂದರು ಎಂದು ಹೇಳುವ ಒಂದೆರಡು ಪದ) ಸೇರಿಸಿ, ಯಾವ ದಾರಿಯಿಂದ ಬಂದರು ಎಂಬುದು ಬಂದವರ ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸ್‌ನಲ್ಲಿ ಕಾಣುತ್ತದೆ. (ಆ 'ಯು' ಅಂದರೆ ಅರ್ಚಿನ್. 2005ರಲ್ಲಿ ಗೂಗಲ್ ಕೊಂಡುಕೊಂಡ ಕಂಪನಿಯ ಹೆಸರು. ಕಂಪನಿ ಗೂಗಲ್ಲಿನಲ್ಲಿ ಕರಗಿತು, ಬಾಲ ಉಳಿಯಿತು.)

ಆದರೂ ಬಿಲ್ ಪುಸ್ತಕದಲ್ಲಿ 'ಹೇಗೆ ಬಂದರು' ಎಂದು ಒಂದು ಕಾಲಂ ಹಾಕಿಸಿಕೊಳ್ಳಿ. ಹಣ ಎಣಿಸುವಾಗ ಕೇಳಬೇಡಿ, ಬಂದು ಕೂತಾಗ ಕೇಳಿ. 'ಎಲ್ಲೋ ನೋಡಿದೆ' ಅಂದರೆ 'ಎಲ್ಲೋ' ಎಂದೇ ಬರೆಯಿರಿ, ನೀವಾಗಿ ತುಂಬಬೇಡಿ. ಇನ್‌ಸ್ಟಾಗ್ರಾಂನಲ್ಲಿ ಮೂರು ತಿಂಗಳು ನೋಡಿ, ಕೊನೆಗೆ ಪಕ್ಕದ ಮನೆಯವರನ್ನು ಕೇಳಿ ಬಂದವರು 'ಪಕ್ಕದ ಮನೆಯವರು ಹೇಳಿದರು' ಎನ್ನುತ್ತಾರೆ. ಲೆಕ್ಕ ಪೂರ್ತಿ ನಿಖರವಾಗುವುದಿಲ್ಲ. ಆದರೆ ಆರು ತಿಂಗಳಲ್ಲಿ ಒಂದೇ ಒಂದು ಹೆಸರೂ ಬಾರದ ಕಡೆಗೆ ಹಣ ಹಾಕುವುದನ್ನು ನಿಲ್ಲಿಸಲು ಅಷ್ಟು ಸಾಕು.

ಇನ್ನೊಂದು, ಅನುಭವದಿಂದ. ಅಚ್ಚಿಗೆ ಹೋಗುವ ಮುನ್ನ ಕರಡಿನಲ್ಲಿರುವ ಫೋನ್ ನಂಬರಿಗೆ ಅಲ್ಲೇ ನಿಂತು ಒಮ್ಮೆ ಕರೆ ಮಾಡಿ, ಕ್ಯೂಆರ್ ಇದ್ದರೆ ಒಮ್ಮೆ ಸ್ಕ್ಯಾನ್ ಮಾಡಿ. ಒಂದು ಅಂಕಿ ತಪ್ಪಿ ಸಾವಿರ ಕರಪತ್ರ ನಾನೇ ಅಚ್ಚು ಹಾಕಿಕೊಟ್ಟಿದ್ದೆ. ಕರೆಗಳೆಲ್ಲ ಯಾರೋ ನಿವೃತ್ತ ಮೇಷ್ಟ್ರಿಗೆ ಹೋದವು. ಪಾಪ, ಅವರು ಒಂದು ವಾರ ಸಹಿಸಿಕೊಂಡು, ಆಮೇಲೆ ಕರಪತ್ರ ಹಿಡಿದುಕೊಂಡು ಪ್ರೆಸ್ಸಿಗೇ ಬಂದರು.

ಕಸೂತಿ ತರಗತಿ ನಡೆಸುತ್ತೇನೆ. ಇನ್‌ಸ್ಟಾಗ್ರಾಂನಲ್ಲಿ 3,000 ಫಾಲೋವರ್ಸ್ ಇದ್ದಾರೆ, ಲೈಕ್ ಚೆನ್ನಾಗಿ ಬರುತ್ತದೆ. ತರಗತಿಗೆ ಮಾತ್ರ ಒಂಬತ್ತು ಜನ. ಮುಂದಿನ ವರ್ಷ 10,000 ಮಾಡಬೇಕೆಂದಿದ್ದೇನೆ, ಸರಿಯೇ?

3,000 ಜನ ನೋಡಿ ಒಂಬತ್ತು ಜನ ಬಂದರೆ, 10,000ಕ್ಕೆ ಮೂವತ್ತು ಎಂದು ನಿಮ್ಮ ಲೆಕ್ಕ. ಆದರೆ ಆ 3,000 ಜನರಲ್ಲಿ ನಿಮ್ಮ ತರಗತಿಗೆ ಬಂದು ಹೋಗುವಷ್ಟು ಹತ್ತಿರ ಇರುವವರು ಎಷ್ಟು? ಆ ಒಂಬತ್ತು ಜನರಾದರೂ ಅಲ್ಲಿಂದಲೇ ಬಂದರೇ? ಮೊದಲು ಅವರನ್ನು ಕೇಳಿ. ಆರು ಜನ ಹಳೆ ವಿದ್ಯಾರ್ಥಿನಿಯರ ಗೆಳತಿಯರು ಎಂದು ತಿಳಿದರೆ ನನಗೆ ಆಶ್ಚರ್ಯವಿಲ್ಲ. ಹಾಗಿದ್ದರೆ ಬರುವ ವರ್ಷದ ಯೋಜನೆ ರೀಲ್ಸ್ ಅಲ್ಲ, ಹಳೆ ವಿದ್ಯಾರ್ಥಿನಿಯರು.

ಫಾಲೋವರ್ಸ್ ಎನ್ನುವುದು ಬಾಡಿಗೆ ಮನೆ. ಯಾರಿಗೆ ನಿಮ್ಮ ಪೋಸ್ಟ್ ತೋರಿಸಬೇಕೆಂದು ಮನೆ ಮಾಲೀಕ ತೀರ್ಮಾನಿಸುತ್ತಾನೆ. ಫೋನ್ ನಂಬರಿನ ಪಟ್ಟಿ ನಿಮ್ಮದು. 2018ರಲ್ಲಿ ಬಂದ ವಾಟ್ಸ್ಆ್ಯಪ್ ಬಿಸಿನೆಸ್ ಆ್ಯಪ್ ಸಾಕು, ಅದರಲ್ಲಿ ಗಿರಾಕಿಗಳಿಗೆ ಲೇಬಲ್ ಹಚ್ಚಬಹುದು: 'ವಿಚಾರಿಸಿದವರು', 'ಸೇರಿದವರು', 'ಮುಗಿಸಿದವರು'. ಒಂದು ಬ್ರಾಡ್‌ಕಾಸ್ಟ್ ಪಟ್ಟಿಗೆ (ಒಂದೇ ಸಂದೇಶ ಎಲ್ಲರಿಗೂ ಬೇರೆ ಬೇರೆಯಾಗಿ ಹೋಗುವ ಪಟ್ಟಿ) 256 ಜನರವರೆಗೆ. ಹಲವರಿಗೆ ಗೊತ್ತಿಲ್ಲದ ಸಂಗತಿ ಏನೆಂದರೆ, ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಆ ಸಂದೇಶ ತಲುಪುತ್ತದೆ. ಆದ್ದರಿಂದ ಜನವರಿಯ ಒಂದೇ ಕೆಲಸ: ವಿಚಾರಿಸಲು ಬಂದ ಪ್ರತಿಯೊಬ್ಬರ ಎದುರಿಗೇ ನಂಬರ್ ಸೇವ್ ಮಾಡಿಸಿ. ಹಾಗೆಯೇ 'ತಿಂಗಳಿಗೆ ಒಂದು ಸಂದೇಶ ಕಳಿಸಲೇ?' ಎಂದು ಕೇಳಿಬಿಡಿ. ಹೂಂ ಅಂದವರಿಗೆ ಮಾತ್ರ ಕಳಿಸಿ. ಬೇಡ ಅಂದವರನ್ನು ಅಂದೇ ತೆಗೆಯಿರಿ.

ಕೇಳದೆ ಕಳಿಸುವ ಚಾಳಿ ಹೊಸದಲ್ಲ. 1978ರ ಮೇ ತಿಂಗಳಲ್ಲಿ ಕಂಪ್ಯೂಟರ್ ಕಂಪನಿಯೊಂದರ ಮಾರಾಟಗಾರ ಗ್ಯಾರಿ ಥ್ಯೂರ್ಕ್, ಇಂಟರ್ನೆಟ್ಟಿಗೆ ಮುಂಚಿನ ಕಂಪ್ಯೂಟರ್ ಜಾಲ ಅರ್ಪಾನೆಟ್‌ನಲ್ಲಿದ್ದ ಸುಮಾರು 400 ಜನರಿಗೆ ಒಟ್ಟಿಗೇ ಇಮೇಲ್ ಕಳಿಸಿ ಬೈಸಿಕೊಂಡಿದ್ದ. ಅಂದಿನಿಂದ ಬೈಗುಳ ನಿಂತಿಲ್ಲ. ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲ್ ಕಳಿಸುವವರು ಪ್ರಚಾರದ ಮೇಲ್‌ಗಳಲ್ಲಿ ಒಂದೇ ಒತ್ತಿಗೆ ಪಟ್ಟಿಯಿಂದ ಹೊರಹೋಗುವ ಗುಂಡಿ ಇಡಲೇಬೇಕು ಎಂಬ ನಿಯಮವನ್ನು ಜಿಮೇಲ್ 2024ರಲ್ಲಿ ಜಾರಿಗೆ ತಂದಿತು. ನಿಮ್ಮದು ಐವತ್ತು ಜನರ ಪಟ್ಟಿಯಾದರೂ ಬಾಗಿಲು ಇರಲಿ.

'ಒಂದೇ ತಿಂಗಳಲ್ಲಿ ಗೂಗಲ್‌ನಲ್ಲಿ ನಿಮ್ಮನ್ನು ಮೊದಲನೇ ಸ್ಥಾನಕ್ಕೆ ತರುತ್ತೇವೆ' ಎಂದು ಏಜೆನ್ಸಿಯವರು ಫೋನ್ ಮಾಡುತ್ತಲೇ ಇದ್ದಾರೆ. ವರ್ಷದ ಪ್ಯಾಕೇಜ್ ತೆಗೆದುಕೊಳ್ಳಲೇ? (ನಲ್ಲಿ, ಪೈಪ್ ರಿಪೇರಿ ಮಾಡುವವರು)

ಬೇಡ. ಹತ್ತಿರದ ಅಂಗಡಿಗಳನ್ನು ತೋರಿಸುವಾಗ ಗೂಗಲ್ ನೋಡುವುದು ಮೂರನ್ನು: ಹುಡುಕಿದ್ದಕ್ಕೂ ನಿಮ್ಮ ಕೆಲಸಕ್ಕೂ ಹೊಂದಿಕೆ, ಹುಡುಕುವವರಿಂದ ನಿಮ್ಮ ದೂರ, ನಿಮಗಿರುವ ಹೆಸರು. ಇದನ್ನು ಅವರೇ ಬಹಿರಂಗವಾಗಿ ಹೇಳಿದ್ದಾರೆ. ಇದರಲ್ಲಿ ದೂರವನ್ನು ಯಾವ ಏಜೆನ್ಸಿ ಕಡಿಮೆ ಮಾಡೀತು? ಗೂಗಲ್ ಬಿಸಿನೆಸ್ ಪ್ರೊಫೈಲ್ ಉಚಿತ. ಕೆಲಸದ ವಿಧ, ಸಮಯ, ನೀವೇ ತೆಗೆದ ಫೋಟೊ ಹಾಕಿ. ಕೆಲಸ ಮುಗಿದ ಮನೆಯಲ್ಲಿ ಒಂದು ರಿವ್ಯೂ ಕೇಳಿ. ರಿವ್ಯೂ ಬರೆದರೆ ರಿಯಾಯಿತಿ ಎಂದು ಮಾತ್ರ ಹೇಳಬೇಡಿ, ಅದು ನಿಯಮಕ್ಕೆ ವಿರುದ್ಧ. ತಿಂಗಳಿಗೊಮ್ಮೆ ಸಮಯ ಸರಿಯಿದೆಯೇ ಎಂದು ನೋಡುವುದನ್ನು ಕ್ಯಾಲೆಂಡರಿನಲ್ಲಿ ಬರೆದುಕೊಳ್ಳಿ. ಮತ್ತೆ, ಫೋನ್ ಎತ್ತಿ. ನೀರು ಸೋರುತ್ತಿರುವ ಮನೆಯವರು ಎರಡು ರಿಂಗಿಗಿಂತ ಹೆಚ್ಚು ಕಾಯುವುದಿಲ್ಲ.

ನಲವತ್ತು ವರ್ಷದಿಂದ ಗಡಿಯಾರ ರಿಪೇರಿ ಮಾಡುತ್ತಿದ್ದೇನೆ. ಒಂದು ದಿನವೂ ಪ್ರಚಾರ ಮಾಡಿಲ್ಲ. ಇದೆಲ್ಲ ಯಾಕೆ ಬೇಕು ಎಂದು ನನ್ನ ಪ್ರಶ್ನೆ.

ಹಿರಿಯರೇ, ಹೇಳಿದ ದಿನ ಹೇಳಿದ ಹೊತ್ತಿಗೆ ಗಡಿಯಾರ ಕೈಗಿಟ್ಟಿದ್ದೀರಲ್ಲ, ನಲವತ್ತು ವರ್ಷ ನೀವು ಮಾಡಿದ ಪ್ರಚಾರ ಅದೇ. ಒಂದೇ ಒಂದು ಎಣಿಕೆ ಮಾಡಿ ನೋಡಿ. ಕಳೆದ ಹನ್ನೆರಡು ತಿಂಗಳಲ್ಲಿ ಮೊದಲ ಸಲ ಅಂಗಡಿಗೆ ಬಂದವರು ಎಷ್ಟು, ಅವರಲ್ಲಿ ಮೂವತ್ತು ದಾಟದವರು ಎಷ್ಟು? ಸಂಖ್ಯೆ ನಿಮಗೆ ತೃಪ್ತಿಯಾದರೆ ಈ ಪುಟವನ್ನು ಸಣ್ಣ ಸ್ಕ್ರೂ ಕಟ್ಟಿಡಲು ಬಳಸಿಕೊಳ್ಳಿ.

ನಾವಿಬ್ಬರೂ ಸೇರಿ ಬ್ಯಾಗ್ ಅಂಗಡಿ ನಡೆಸುತ್ತೇವೆ. ನಮ್ಮ ಯಜಮಾನರಿಗೆ ವರ್ಷವಿಡೀ ಡಿಸ್ಕೌಂಟ್ ಬೋರ್ಡ್ ಇರಬೇಕು. ನನಗೆ ಇಷ್ಟವಿಲ್ಲ. ದಿನಾ ಜಗಳ. ನೀವೇ ತೀರ್ಪು ಕೊಡಿ.

ಗಂಡ ಹೆಂಡಿರ ಜಗಳದ ನಡುವೆ ತಲೆ ಹಾಕಬಾರದು. ಲೆಕ್ಕ ಮಾತ್ರ ಹಾಕಿಕೊಡುತ್ತೇನೆ. ಸೈಕಲ್ ಅಂಗಡಿಯವರಿಗೆ ಹೇಳಿದ ಅದೇ ಅಂಕಿ, ನೂರಕ್ಕೆ ಮೂವತ್ತು ಉಳಿಕೆ. 100 ಬ್ಯಾಗ್ ಮಾರಿದರೆ 3000. ನೂರಕ್ಕೆ ಹತ್ತು ಬಿಟ್ಟರೆ ಬ್ಯಾಗಿಗೆ ಉಳಿಯುವುದು ಇಪ್ಪತ್ತು, ಅದೇ 3000 ಕಾಣಲು 150 ಬ್ಯಾಗ್ ಮಾರಬೇಕು. ನೂರಕ್ಕೆ ಇಪ್ಪತ್ತು ಬಿಟ್ಟರೆ ಉಳಿಯುವುದು ಹತ್ತು, ಈಗ 300 ಬ್ಯಾಗ್. ಮೂರು ಪಟ್ಟು ಮಾರುವಷ್ಟು ಜನ ಆ ಬೋರ್ಡ್ ನೋಡಿ ಬರುತ್ತಿದ್ದಾರೆಯೇ? ನಿಮ್ಮ ನಿಜವಾದ ಉಳಿಕೆ ಎಷ್ಟೋ ಅದನ್ನು ಹಾಕಿ ಇಬ್ಬರೂ ಒಟ್ಟಿಗೆ ಕೂತು ಗುಣಿಸಿ.

ಯಜಮಾನರ ಪರವಾಗಿಯೂ ಒಂದು ಮಾತು ಹೇಳಬೇಕು. ಹಳೆ ಸರಕು ಖಾಲಿ ಮಾಡಲು ವರ್ಷಕ್ಕೆ ಎರಡು ಸಲ, ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಎಂದು ಡಿಸ್ಕೌಂಟ್ ಹಾಕಬಹುದು. ಆ ತಾರೀಖುಗಳನ್ನು ಈಗಲೇ ಕ್ಯಾಲೆಂಡರಿನಲ್ಲಿ ಬರೆಯಿರಿ. ಅದನ್ನು ಹಳೆ ಗಿರಾಕಿಗಳಿಗೆ ಒಂದು ವಾರ ಮುಂಚೆ ತಿಳಿಸಿ. ಮುಗಿದ ದಿನ ರಾತ್ರಿ ಬೋರ್ಡ್ ಇಳಿಸುವ ಕೆಲಸ ನಿಮ್ಮದು, ಅವರದ್ದಲ್ಲ.

ಕಳೆದ ಸಲ ನಿಮ್ಮ ಅಂಕಣ ಓದಿ ವರ್ಷದ ಹಾಳೆ ಮಾಡಿಕೊಂಡಿದ್ದೆ. ಮನೆಯಲ್ಲಿ ಕಾಯಿಲೆ ಬಿದ್ದು ಎರಡು ತಿಂಗಳು ಏನೂ ಮಾಡಲಾಗಲಿಲ್ಲ. ಬಿಟ್ಟುಹೋದದ್ದನ್ನೆಲ್ಲ ಮುಂದಿನ ತಿಂಗಳಿಗೆ ಸೇರಿಸಲೇ?

ಸೇರಿಸಬೇಡಿ. ಸೀಸನ್ ಮುಗಿದ ಮೇಲೆ ಸೀಸನ್ನಿನ ಮಾತು ಹೇಳಿ ಉಪಯೋಗವಿಲ್ಲ, ನಿಮಗೂ ಇಮ್ಮಡಿ ಹೊರೆ. ಆ ಎರಡು ತಿಂಗಳ ಮೇಲೆ ಗೀಟು ಎಳೆದು, ಕಾರಣವನ್ನು ಪಕ್ಕದಲ್ಲಿ ಬರೆದು, ಈ ತಿಂಗಳ ಕೆಲಸಕ್ಕೆ ಹೋಗಿ. ಕಾರಣ ಬರೆಯುವುದನ್ನು ಮಾತ್ರ ಮರೆಯಬೇಡಿ. ಮುಂದಿನ ವರ್ಷ ಬಿಲ್ ಪುಸ್ತಕ ತೆರೆದು ಕೂತಾಗ ಆ ಎರಡು ತಿಂಗಳು ವ್ಯಾಪಾರ ಯಾಕೆ ಬಿತ್ತು ಎಂದು ಅದೇ ಹೇಳಬೇಕು. ನನ್ನ ಹಳೆ ಹಾಳೆಗಳ ಕಟ್ಟಿನಲ್ಲಿ ಒಂದು ಜೂನ್ ತಿಂಗಳಿಗೆ ಅಡ್ಡಗೀಟು ಹಾಕಿ 'ಮೆಷಿನ್ ರೋಲರ್ ಹೋಯಿತು' ಎಂದು ಬರೆದದ್ದಿದೆ. ಅದರ ಕೆಳಗೆ ಮೆಷಿನ್ ನಡೆಸುತ್ತಿದ್ದ ಹಿರಿಯರ ಕೈಬರಹದಲ್ಲಿ, 'ಹೋಗುತ್ತೆ ಅಂತ ಫೆಬ್ರವರಿಯಲ್ಲೇ ಹೇಳಿದ್ದೆ.'